ಕೂಗದ್ದನ್ನು ಮಾತ್ರ ತಿನ್ನುವ ಅಕ್ಕನಿಗೆ

ಫೆಬ್ರವರಿ ೪

ಮಹಾರಾಜಶ್ರೀ ಅಕ್ಕನವರ ದಿವ್ಯ ಸನ್ನಿಧಾನಕ್ಕೆ,

ಮೀನಿನ ಹಿಟ್ಟಿನ ಕಾರ್ಖಾನೆಯ ಎರಡನೇ ತೊಟ್ಟಿಯ ಬಾಯಿ ಕಾಯುವವನೂ ನಿನ್ನ ಒಬ್ಬನೇ ತಮ್ಮನೂ ಆದ ನಾನು, ಮೂರು ಸಲ ಸೋಪು ಹಾಕಿ ಕೈ ತೊಳೆದು, ಆದರೂ ನಾರುತ್ತಾ, ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ: ನಿನ್ನ ಮೇಲೆ ದಾವೆ ಹೂಡಲಾಗಿದೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ನಿಮ್ಮ ಆಸ್ಪತ್ರೆಯ ಸೂಪರಿಂಟೆಂಡೆಂಟರ ಧ್ವನಿಯಲ್ಲಿ ಮಾತಾಡಿ ನಿನ್ನನ್ನು ಕೆಲಸದಿಂದ ತೆಗೆದುಹಾಕಿದ ದಿನದಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. "ಇನ್ನು ಮೇಲೆ ಕಾಗದ ಬರಿ. ಕಾಗದದಲ್ಲಿ ನೀನು ಯಾರ ಧ್ವನೀನೂ ಮಾಡಕ್ಕಾಗಲ್ಲ" ಎಂದೆ. ನೋಡೋಣ.

ಫಿರ್ಯಾದಿಗಳು: ಬೆರಳುದ್ದದ ಸಣ್ಣ ಮೀನುಗಳು, ಒಂದು ತೊಟ್ಟಿ ತುಂಬ. ಪ್ರತಿವಾದಿ: ಮಕ್ಕಳ ಆಸ್ಪತ್ರೆಯ ತುರ್ತು ವಿಭಾಗದ ನರ್ಸು, ಹದಿನೆಂಟು ವರ್ಷಗಳಿಂದ ಕುರಿ ಕೋಳಿ ಮುಟ್ಟದವಳು, ಮೀನು ಕಂಡರೆ ಮಾತ್ರ ತಟ್ಟೆ ಮುಂದೆ ತಳ್ಳುವವಳು. ಆರೋಪ: ನೀನು ತಿನ್ನುವುದು ಸಾಕಿದ ದೊಡ್ಡ ಮೀನು. ಅದು ಅಷ್ಟು ದೊಡ್ಡದಾದದ್ದು ನಮ್ಮ ಹಿಟ್ಟು ತಿಂದು. ಹಿಟ್ಟು ಆದದ್ದು ಈ ಫಿರ್ಯಾದಿಗಳಿಂದ. ಒಂದು ತುಂಡು ತಿಂದೆ ಅಂದುಕೊಂಡಿದ್ದೀಯಲ್ಲ, ಒಂದು ಬುಟ್ಟಿ ತಿಂದಿದ್ದೀಯ. ಮಿಕ್ಕ ಹಿಟ್ಟು ಕೋಳಿಗೆ ಹೋಗುತ್ತದೆ. ಕೋಳಿ ತಿನ್ನುವವರೂ ಇದೇ ಪಾಪದ ಪಾಲುದಾರರೇ, ಆದರೆ ಅವರು ನಿನ್ನ ಹಾಗೆ ಮುಖವನ್ನು ಪವಿತ್ರ ಮಾಡಿಕೊಂಡು ಕೂರುವುದಿಲ್ಲ.

ಸ್ಥಳ ಪರಿಶೀಲನೆಯ ವರದಿ: ತೊಟ್ಟಿ ನೆಲದೊಳಗಿದೆ. ಇಬ್ಬರು ಒಬ್ಬರ ಮೇಲೊಬ್ಬರು ನಿಂತಷ್ಟು ಆಳ. ಬಾಯಿ ಚೌಕಾಕಾರ, ಕಬ್ಬಿಣದ ಮುಚ್ಚಳ, ಕಬ್ಬಿಣದ ಏಣಿ. ತಳದಲ್ಲಿ ಒಂದು ಜಾಲರಿ. ಅದರ ಮೂಲಕ ಮೀನು ಬಾಯ್ಲರಿಗೆ ಹೋಗುತ್ತದೆ. ಜಾಲರಿ ಕಟ್ಟಿಕೊಂಡರೆ ಯಾರಾದರೂ ಇಳಿದು ಸಲಿಕೆಯಿಂದ ಕೆರೆಯಬೇಕು. ಆ ಯಾರಾದರೂ ಅಂದರೆ ಮೈಕಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇರಬೇಕು, ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಆತ ಗೇಟಿನ ಹತ್ತಿರ ಕೆಮ್ಮಿದರೆ ಬಾಯ್ಲರ್ ಮನೆಯಲ್ಲಿದ್ದವರು ಔಷಧಿ ಹುಡುಕುತ್ತಾರೆ.

ತಗಡಿನ ಮೇಲೆ ಬರೆದು ಹಾಕಿದ್ದಾರೆ: ಇಳಿಯುವ ಮೊದಲು ಅರ್ಧ ಗಂಟೆ ಫ್ಯಾನು, ಇಳಿದವನ ಸೊಂಟಕ್ಕೆ ಹಗ್ಗ, ಬಾಯಿಯ ಬಳಿ ಒಬ್ಬ. ಕೊಳೆತ ಮೀನು ಒಳ್ಳೆಯ ಗಾಳಿಯನ್ನು ತಿಂದು ಕೆಟ್ಟದ್ದನ್ನು ಬಿಡುತ್ತದಂತೆ. ನಾವು ಮೂರನೆಯದನ್ನು ತಪ್ಪದೆ ಪಾಲಿಸುತ್ತೇವೆ, ಏಕೆಂದರೆ ಅದರಲ್ಲಿ ಕೂರುವ ಕೆಲಸವಿದೆ. ಹಗ್ಗ ಏಣಿಗೆ ಸಿಕ್ಕಿಕೊಳ್ಳುತ್ತದೆ. ಮೈಕಣ್ಣ ಹೇಳುವುದು: "ನನ್ನ ಗಂಟಲೇ ನನ್ನ ಹಗ್ಗ ಕಣೋ. ಮಾತು ಕೇಳ್ತಿರೋವರೆಗೂ ನಾನಿದೀನಿ ಅಂತ ಲೆಕ್ಕ." ಆತ ಕೆಳಗೆ ನಿಂತು ಹೆಂಡತಿಯ ಅಣ್ಣಂದಿರನ್ನು ಒಬ್ಬೊಬ್ಬರನ್ನಾಗಿ ಬೈಯುತ್ತಾನೆ, ನಾನು ಮೇಲೆ ಕೂತು ಹ್ಞೂಂಗುಡುತ್ತೇನೆ. ಫ್ಯಾನು ಹಾಕಿದರೆ ಆ ಮಾತು ಕೇಳುವುದಿಲ್ಲ. ಆದ್ದರಿಂದ ಸುರಕ್ಷತೆಯ ದೃಷ್ಟಿಯಿಂದ ಫ್ಯಾನು ಆರಿಸುತ್ತೇವೆ.

ಹತ್ತು ದಿನದೊಳಗೆ ಉತ್ತರ ಕೊಡತಕ್ಕದ್ದು.

ಇಂತಿ,
ಸಕಲ ಮತ್ಸ್ಯಗಳ ವಕೀಲ, ನಿನ್ನ ತಮ್ಮ


ಫೆಬ್ರವರಿ ೧೫

ತಮ್ಮನಿಗೆ,

ಸಮನ್ಸು ತಲುಪಿತು. ಕವರು ಒಡೆದಾಗ ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು "ಯಾರಾದ್ರೂ ಕಿಟಕಿ ತೆಗೀರೇ" ಅಂದಳು. ಫಿರ್ಯಾದಿಗಳು ಖುದ್ದಾಗಿ ಹಾಜರಾದರೆಂದು ದಾಖಲಿಸಿಕೊಂಡಿದ್ದೇನೆ.

ನನ್ನ ಉತ್ತರ. ಅಪ್ಪ ಕಸಾಯಿಖಾನೆಯ ಗೇಟು ಕಾಯುತ್ತಿದ್ದಾಗ ಅದಕ್ಕೂ ನಮ್ಮ ಮನೆಗೂ ಒಂದೇ ಗೋಡೆ. ನಿನಗೆ ಆಗ ಐದು ವರ್ಷ, ಸೂರ್ಯ ನೆತ್ತಿಗೆ ಬಂದ ಮೇಲೆ ಏಳುತ್ತಿದ್ದೆ. ನಾನು ಆ ಗೋಡೆಗೆ ಬೆನ್ನು ಕೊಟ್ಟು ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಒಂದು ಹಸು ಬಹಳ ಹೊತ್ತು ಕೂಗಿತು. ಬೇರೆಯವು ಕೂಗಿ ನಿಲ್ಲಿಸುತ್ತಿದ್ದವು. ಇದು ನಿಲ್ಲಿಸಲಿಲ್ಲ, ಯಾರನ್ನೋ ಕರೆಯುವ ಹಾಗಿತ್ತು. ಅಂದು ಅಮ್ಮ ಬಡಿಸಿದ್ದನ್ನು ನಾನು ತಿನ್ನಲಿಲ್ಲ. ಅಪ್ಪ ಬೈದ. ಅಮ್ಮನೇ ಒಂದು ದಾರಿ ತೋರಿಸಿದಳು: "ಮೀನಾದ್ರೂ ತಿನ್ನೇ, ಅದು ಕೂಗಲ್ಲ."

ಅಷ್ಟೇ ನನ್ನ ಶಾಸ್ತ್ರ. ಕೂಗುವುದನ್ನು ತಿನ್ನುವುದಿಲ್ಲ, ಕೂಗದ್ದನ್ನು ತಿನ್ನುತ್ತೇನೆ. ಕೂಗದೆ ಹೋದರೆ ನೋವೂ ಇರಲಿಕ್ಕಿಲ್ಲ. ನೋವಿದ್ದರೆ ದೇವರು ಒಂದು ಗಂಟಲನ್ನಾದರೂ ಕೊಡುತ್ತಿದ್ದ. ಈ ಕೆಲಸಕ್ಕೆ ದಿನಕ್ಕೆ ಹನ್ನೆರಡು ಗಂಟೆ ನಿಲ್ಲಬೇಕು, ಸೊಪ್ಪು ತಿಂದು ನಿಲ್ಲಲಾಗುವುದಿಲ್ಲ. ದಾವೆ ವಜಾ.

ಇನ್ನೊಂದು. ಹಗ್ಗ ಕಟ್ಟಿ. ನಾನು ತಮಾಷೆ ಮಾಡುತ್ತಿಲ್ಲ.

ಅಕ್ಕ


ಫೆಬ್ರವರಿ ೨೪

ಮಾನ್ಯ ಪ್ರತಿವಾದಿಯವರಿಗೆ,

ಹಗ್ಗ ಕಟ್ಟಿದ್ದೇವೆ. ಕಂಬದಿಂದ ಕಂಬಕ್ಕೆ. ಅದರ ಮೇಲೆ ಮೈಕಣ್ಣನ ಎರಡು ಅಂಗಿ, ನನ್ನ ಒಂದು ಚಡ್ಡಿ ಒಣಗುತ್ತಿವೆ.

ನಿನ್ನ ಶಾಸ್ತ್ರವನ್ನು ಊಟದ ಹೊತ್ತಿನಲ್ಲಿ ಮೈಕಣ್ಣನ ಮುಂದೆ ಓದಿದೆ. ಆತ ಬಾಯಿ ಒರೆಸಿಕೊಂಡು, "ಹಾಗಾದ್ರೆ ನಿಮ್ಮಕ್ಕ ನನ್ನನ್ನ ಯಾವತ್ತೂ ತಿನ್ನಲ್ಲ ಬಿಡು" ಎಂದ. ಬಾಯ್ಲರ್ ಮನೆಯಲ್ಲಿದ್ದವರೂ ನಕ್ಕರು.

ಆದರೂ ವಕೀಲನಾದವನು ಸಾಕ್ಷಿ ಒದಗಿಸಬೇಕಲ್ಲ. ಮೊನ್ನೆ ಲಾರಿಯಿಂದ ಸುರಿದ ರಾಶಿಯಲ್ಲಿ ಒಂದು ಇನ್ನೂ ಜೀವಂತವಾಗಿತ್ತು, ಮೊಳದುದ್ದದ್ದು. ತೊಟ್ಟಿಯ ಅಂಚಿನಲ್ಲಿ ಬಿದ್ದು ನನ್ನನ್ನೇ ನೋಡುತ್ತಿತ್ತು. ಮೀನಿಗೆ ರೆಪ್ಪೆ ಇಲ್ಲ, ನೋಡದೆ ಅದಕ್ಕೆ ಬೇರೆ ಗತಿಯೂ ಇಲ್ಲ ಅನ್ನು. ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಒಂದು ಪದವನ್ನೇ ಮತ್ತೆ ಮತ್ತೆ ಹೇಳಿದ ಹಾಗೆ. ನಾನು ಬಗ್ಗಿ ಕಿವಿಗೊಟ್ಟು "ಸ್ವಲ್ಪ ಗಟ್ಟಿಯಾಗಿ ಹೇಳಿ ಸ್ವಾಮಿ, ನ್ಯಾಯಾಲಯಕ್ಕೆ ಕೇಳಿಸುತ್ತಿಲ್ಲ" ಎಂದೆ. ಕೇಳಿಸಲಿಲ್ಲ. ಸಾಕ್ಷಿ ಪ್ರತಿಕೂಲವಾಯಿತು.

ನಮ್ಮಲ್ಲೊಂದು ಪಂದ್ಯ ನಡೆದಿದೆ. ಇಬ್ಬರಲ್ಲಿ ಒಬ್ಬ ಎಲ್ಲಾದರೂ ಸತ್ತಂತೆ ಬೀಳಬೇಕು. ಇನ್ನೊಬ್ಬ ಗಾಬರಿಯಾಗಿ ಓಡಿದರೆ ಅಥವಾ ಕಿರುಚಿದರೆ ಸೋತ. ಸೋತವನು ಗೆದ್ದವನ ಗಂಬೂಟು ತೊಳೆಯಬೇಕು. ನಾನು ಐಸಿನ ಪೆಟ್ಟಿಗೆಯಲ್ಲಿ ಸತ್ತು ಒಂದು ಸಲ ಗೆದ್ದೆ. ಮೈಕಣ್ಣ ಎರಡು ಸಲ ಗೆದ್ದಿದ್ದಾನೆ, ಎರಡೂ ತೊಟ್ಟಿಯ ತಳದಲ್ಲಿ. ಮಾತಿನ ನಡುವೆ ಥಟ್ಟನೆ ನಿಲ್ಲಿಸಿ ಬಿದ್ದುಕೊಂಡುಬಿಡುತ್ತಾನೆ. ಎರಡನೇ ಸಲ ನಾನು ಮೇಸ್ತ್ರಿಯನ್ನು ಕೂಗಿ ಕರೆದು ತಂದಾಗ ಆತ ಎದ್ದು ಕೂತು ಹಲ್ಲು ಕಿರಿದ. ಮೇಸ್ತ್ರಿ ಬೈದದ್ದು ನನ್ನನ್ನು. ಮೈಕಣ್ಣನ ಹೆಂಡತಿ, ನಾನು ಅತ್ತಿಗೆ ಅನ್ನುತ್ತೇನೆ, ಐಸಿನ ಶೆಡ್ಡಿನಲ್ಲಿ ಮೀನು ವಿಂಗಡಿಸುತ್ತಾರೆ. "ಸಾಯೋ ಆಟ ಆಡ್ಬೇಡ್ರಪ್ಪ, ಬೇರೆ ಆಟ ಇಲ್ವಾ" ಎಂದರು. ನಾನು ಎರಡು ಜೊತೆ ಗಂಬೂಟು ತೊಳೆದವನು, ಸಮ ಮಾಡದೆ ಬಿಡುವುದು ಹೇಗೆ?

ಇನ್ನು ಆತ ನನಗೆ ಮೋಸ ಮಾಡಲಾರ.

ವಕೀಲ ಮತ್ತು ತಮ್ಮ


ಮಾರ್ಚ್ ೧೨

ತಮ್ಮನಿಗೆ,

ಎರಡು ವಾರವಾಯಿತು. ವಕೀಲರು ರಜೆಯಲ್ಲಿದ್ದಾರೋ, ಕಕ್ಷಿದಾರರ ಜೊತೆ ಬಾಯ್ಲರಿಗೆ ಹೋದರೋ? ನಿನ್ನ ಮೌನವೂ ಒಂದು ಆಟವಾದರೆ ತಿಳಿದಿರಲಿ, ನಾನು ಕಿರುಚುವುದಿಲ್ಲ, ಯಾರ ಬೂಟನ್ನೂ ತೊಳೆಯುವುದಿಲ್ಲ.

ನಿನ್ನೆ ಕ್ಯಾಂಟೀನಿನಲ್ಲಿ ಹುರಿದ ಮೀನು. ಎರಡು ತಿಂದೆ, ನಿನ್ನ ಹೆಸರು ಹೇಳಿ.

ಅಕ್ಕ


ಮಾರ್ಚ್ ೧೯

ಅಕ್ಕ,

ಮೈಕಣ್ಣ ತೀರಿಕೊಂಡ. ತೊಟ್ಟಿಯೊಳಗೆ. ಇದೇ ತಿಂಗಳ ಎರಡನೇ ತಾರೀಖು. ಕಾರ್ಖಾನೆ ಒಂದು ವಾರ ಮುಚ್ಚಿತ್ತು, ಈಗ ತೆರೆದಿದೆ. ವಿಚಾರಣೆ ನಡೆಯುತ್ತಿದೆ.

ಒಂದು ಮಾತು ಕೇಳಬೇಕು. ನೀನು ನರ್ಸು, ನಿನಗೆ ಗೊತ್ತಿರುತ್ತದೆ. ಕೂಗದೆ ಸಾಯುವವನಿಗೆ ನೋವಾಗುತ್ತದಾ?

ತಮ್ಮ


ಮಾರ್ಚ್ ೨೪

ಈ ಸಲ ನಿನಗೆ ನಾಚಿಕೆಯಾಗಬೇಕು.

ಕಾಗದ ಓದಿ ಮೊದಲು ನಂಬಿಬಿಟ್ಟೆ. ಆಮೇಲೆ ಕೊನೆಯ ಸಾಲು ನೋಡಿದೆ. ಕೂಗದವನಿಗೆ ನೋವಾಗುತ್ತದಾ. ಮೀನಿಗೆ ಪ್ಯಾಂಟು ಹಾಕಿಸಿ ಮತ್ತೆ ನನ್ನ ಮುಂದೆ ನಿಲ್ಲಿಸಿದ್ದೀಯ. ಒಂದು ವಾದ ಗೆಲ್ಲುವುದಕ್ಕೆ ಒಬ್ಬ ಮನುಷ್ಯನನ್ನು ಸಾಯಿಸುತ್ತಾರೇನೋ? ಆತನಿಗೆ ಹೆಂಡತಿ ಇದ್ದಾಳೆ ಅಂತ ನೀನೇ ಬರೆದಿದ್ದೆ. ಚಿಕ್ಕ ಕಾಗದ, ಒಣ ಮಾತು, ಕೆಳಗೆ ಬಿರುದಿಲ್ಲ. ವೇಷ ಚೆನ್ನಾಗಿ ಕಟ್ಟಿದ್ದೀಯ, ಆದರೆ ನಾನು ನಿನ್ನನ್ನು ಎತ್ತಿ ಬೆಳೆಸಿದವಳು.

ಅದನ್ನು ಓದಿದ ದಿನ ನಮ್ಮ ವಾರ್ಡಿನಲ್ಲಿ ನಿಜವಾಗಿ ಒಂದು ಮಗು ಹೋಯಿತು. ಅದರ ತಾಯಿಗೆ ನೀರು ಕುಡಿಸಿ ಬಂದು ನಿನ್ನ ಕವರು ಒಡೆದೆ. ಇನ್ನು ಕೆಲವು ದಿನ ನನಗೆ ಬರೆಯಬೇಡ.


ಏಪ್ರಿಲ್ ೬

ತಮ್ಮಾ,

ನೀನು ನಿಜವಾಗಿ ಬರೆಯಲಿಲ್ಲ. ಬೇಡವೆಂದರೂ ಬರೆಯುವವನು ನೀನು. ಅದಕ್ಕೇ ನಿನ್ನೆ ಕಾರ್ಖಾನೆಗೆ ಫೋನು ಮಾಡಿದೆ. ಗುಮಾಸ್ತರು ಎತ್ತಿದರು. ಅವರ ಧ್ವನಿಯನ್ನೂ ನೀನೇ ಮಾಡುತ್ತಿದ್ದೀಯೇನೋ ಎಂದು ಪೂರ್ತಿ ಒಂದು ನಿಮಿಷ ಕಾದೆ. ಅದು ನೀನಾಗಿರಲಿಲ್ಲ.

ನನ್ನನ್ನು ಕ್ಷಮಿಸು. ಹೇಗೆ ಕೇಳಬೇಕೋ ತಿಳಿಯುತ್ತಿಲ್ಲ.

ಗುಮಾಸ್ತರು ಹೇಳಿದರು, ಆತ ಯಾರಿಗೂ ಹೇಳದೆ ಇಳಿದನಂತೆ, ಬಾಯಿಯ ಬಳಿ ಯಾರೂ ಇರಲಿಲ್ಲವಂತೆ, ಒಂದು ಸದ್ದೂ ಬರಲಿಲ್ಲವಂತೆ. ನೀನು ಟೀ ಕುಡಿಯಲು ಹೋಗಿದ್ದೆಯಂತೆ. ಹೋಗಿದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ನೀನೂ ಹಿಂದೆ ಇಳಿಯುತ್ತಿದ್ದೆ. ಅದನ್ನು ನಿನ್ನ ತಪ್ಪೆಂದು ಹೊತ್ತುಕೊಳ್ಳಬೇಡ.

ನೀನು ಕೇಳಿದ್ದಕ್ಕೆ ಉತ್ತರ: ನೋವಾಗುವುದಿಲ್ಲ. ಅಂಥ ಗಾಳಿ ದೀಪ ಆರಿಸಿದ ಹಾಗೆ. ನೋವಾಗಿದ್ದರೆ ಕೂಗುತ್ತಿದ್ದ, ಅದೂ ಅಂಥ ಗಂಟಲಿನವನು. ಆತನ ಹೆಂಡತಿಗೂ ಹೀಗೇ ಹೇಳು.

ಅಕ್ಕ


ಏಪ್ರಿಲ್ ೧೩

ಅಕ್ಕ,

ನೀನು ಹೇಳುವ ಮೊದಲೇ ಅತ್ತಿಗೆಗೆ ಹಾಗೆ ಹೇಳಿಬಿಟ್ಟಿದ್ದೆ. ಈಗ ನಡೆದದ್ದನ್ನು ಬರೆಯುತ್ತೇನೆ.

ನಾನು ಟೀಗೆ ಹೋಗಿರಲಿಲ್ಲ.

ಬಾಯ್ಲರ್ ರಿಪೇರಿ ಎಂದು ಎರಡು ದಿನ ಕೆಲಸ ನಿಂತಿತ್ತು. ತೊಟ್ಟಿಯಲ್ಲಿ ಅರ್ಧ ಮೀನು ಹಾಗೇ ಇತ್ತು, ಮುಚ್ಚಳ ಹಾಕಿತ್ತು. ಮೂರನೇ ಬೆಳಿಗ್ಗೆ ಮುಚ್ಚಳ ಎತ್ತಿ ಫ್ಯಾನು ಹಾಕಿದೆವು. ಐದು ನಿಮಿಷವಾಗಿರಬೇಕು. ಮೈಕಣ್ಣ, "ಆರ್ಸೋ, ನನ್ನ ಮಾತು ನಂಗೇ ಕೇಳ್ತಿಲ್ಲ" ಎಂದ. ಆರಿಸಿದವನು ನಾನು. ಆತ ಇಳಿದ. ಮಗಳಿಗೆ ಹೊಸ ಕನ್ನಡಕ ಮಾಡಿಸಿದ ಕಥೆ ಹೇಳುತ್ತಿದ್ದ. "ಅಂಗಡಿಯವನು ಏನಂದ ಗೊತ್ತಾ" ಅಂದ. ಅಲ್ಲಿಗೆ ನಿಂತಿತು.

ನಾನು ಬಗ್ಗಿ ನೋಡಿದೆ. ಆತ ಮಂಡಿಯೂರಿದ್ದ, ಒಂದು ಕೈ ಏಣಿಯ ಮೇಲಿತ್ತು. ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದಿಲ್ಲ. ನಾನು ನಕ್ಕೆ. "ಮೀನಿನ ಪಾತ್ರಾನಾ? ಚೆನ್ನಾಗಿದೆ, ಮಾಡು ಮಾಡು. ನಾನು ಓಡಲ್ಲ" ಎಂದೆ. ಜೇಬಿನಲ್ಲಿ ಒಂದು ಕಿತ್ತಳೆ ಇತ್ತು. ಗೆದ್ದವನ ಹಾಗೆ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಸಿಪ್ಪೆ ಸುಲಿದು, ಒಂದೊಂದೇ ತೊಳೆ ತಿಂದೆ. ಬೀಜವನ್ನು ಕೆಳಗೆ ಉಗಿದೆ. ನಡುವೆ ಒಮ್ಮೆ ನೋಡಿದಾಗ ಬಾಯಿ ಇನ್ನೂ ಆಡುತ್ತಿತ್ತು. ಇನ್ನೊಮ್ಮೆ ನೋಡಿದಾಗ ಆಡುತ್ತಿರಲಿಲ್ಲ. ಪಾತ್ರ ಮುಗಿಯಿತು, ಈಗ ಬೈಗುಳ ಶುರುವಾಗುತ್ತದೆ ಅಂದುಕೊಂಡೆ.

ಮೇಸ್ತ್ರಿ ಬಂದು, "ಯಾಕೋ ಮೈಕು ಸುಮ್ನಿದಾನೆ?" ಎಂದರು. ನಾನು, "ಸತ್ತಿದಾನೆ ಸಾರ್" ಎಂದು ಕಣ್ಣು ಹೊಡೆದೆ.

ಆಮೇಲೆ ನಾನು ಏಣಿಗೆ ಕಾಲಿಟ್ಟೆ. ಮೇಸ್ತ್ರಿ ಕಾಲರು ಹಿಡಿದು ಎಳೆದು ನೆಲಕ್ಕೆ ಕೆಡವಿದರು. ಸೊಂಟದಲ್ಲಿ ಹಗ್ಗವಿದ್ದಿದ್ದರೆ ಇಬ್ಬರೇ ಎಳೆಯಬಹುದಿತ್ತು. ಹಗ್ಗದ ಮೇಲೆ ಅಂಗಿ ಇತ್ತು. ಗಾಳಿ ಸಿಲಿಂಡರಿನ ಮುಖವಾಡ ತಂದು ಮೇಲೆತ್ತುವಾಗ ಊಟದ ಸೈರನ್ ಆಗಿತ್ತು.

ಸಂಜೆ ಮೇಸ್ತ್ರಿ ಕರೆದರು. "ನೀನು ಟೀಗೆ ಹೋಗಿದ್ದೆ. ಅವನು ಹೇಳದೆ ಇಳಿದ. ತಿಳೀತಾ? ನೀನೂ ಉಳೀತೀಯ, ನಾನೂ ಉಳೀತೀನಿ. ಹೋದೋನು ಹೇಗೂ ಬರಲ್ಲ." ಹೇಳಿಕೆಯ ಕಾಗದದಲ್ಲಿ ಹಾಗೇ ಬರೆದಿತ್ತು. ರುಜು ಹಾಕಿದೆ.

ಅತ್ತಿಗೆ ನನ್ನನ್ನು ಕೇಳಿದ್ದು ಒಂದೇ ಮಾತು: "ಕೂಗಿದ್ರಾ?" ಇಲ್ಲ ಅತ್ತಿಗೆ, ತಕ್ಷಣ, ಏನೂ ಗೊತ್ತಾಗಿರಲ್ಲ ಎಂದೆ. ತಲೆಯಾಡಿಸಿದರು. ಈಗ ಐಸಿನ ಶೆಡ್ಡಿನಲ್ಲಿ ಕೂತು ಸತ್ತವನನ್ನು ಬೈಯುತ್ತಾರೆ. "ಹೇಳದೆ ಇಳಿಯೋದಾ. ಊರಿಗೆಲ್ಲ ಕೇಳೋ ಹಾಗೆ ಮಾತಾಡೋ ಮನುಷ್ಯ, ಇಳೀತೀನಿ ಅಂತ ಒಂದು ಮಾತು ಯಾರಿಗೂ ಹೇಳಬಾರದಾ. ನಮ್ಮ ಬಗ್ಗೆ ಒಂದಿಷ್ಟು ಯೋಚನೆ ಇದ್ದಿದ್ರೆ ಹೇಳ್ತಿದ್ರು." ಮಗಳು ಅಪ್ಪನ ಫೋಟೋ ಹಾಕಲು ಬಿಟ್ಟಿಲ್ಲವಂತೆ. ಹದಿನೈದು ವರ್ಷದವಳು.

ಆತ ಹೇಳಿದ್ದ ಅಕ್ಕ. ನನಗೆ ಹೇಳಿಯೇ ಇಳಿದಿದ್ದ. ಕೆಳಗಿನಿಂದಲೂ ಹೇಳುತ್ತಲೇ ಇದ್ದ.

ನೋವಾಗುವುದಿಲ್ಲ ಎಂದು ಬರೆದಿದ್ದೀಯ. ಅದು ನರ್ಸು ಹೇಳಿದ್ದೋ ಅಕ್ಕ ಹೇಳಿದ್ದೋ?


ಏಪ್ರಿಲ್ ೨೦

ತಮ್ಮಾ,

ಅಕ್ಕ ಹೇಳಿದ್ದು.

ನರ್ಸು ಹೇಳುವುದು ಬೇರೆ. ತುರ್ತು ವಿಭಾಗಕ್ಕೆ ಬರುವ ಹೊಸ ಹುಡುಗಿಯರಿಗೆ ನಾನು ಮೊದಲನೇ ದಿನ ಕಲಿಸುವ ಮೊದಲನೇ ಪಾಠ ಇದು: ಹತ್ತು ಮಕ್ಕಳು ಒಟ್ಟಿಗೆ ಬಂದರೆ ಅಳುವ ಮಗುವಿನ ಹತ್ತಿರ ಓಡಬೇಡಿ. ಅಳುವುದಕ್ಕೆ ಉಸಿರು ಬೇಕು, ಅದರ ಹತ್ತಿರ ಉಸಿರಿದೆ. ಸುಮ್ಮನಿರುವ ಮಗುವನ್ನು ಮೊದಲು ಎತ್ತಿಕೊಳ್ಳಿ. ಎಷ್ಟೋ ಹುಡುಗಿಯರಿಗೆ ಹೇಳಿದ್ದೇನೆ. ಕಲಿಯದವಳನ್ನು ಗದರಿಸಿದ್ದೇನೆ. ಪಾಠ ಮುಗಿಸಿ ಕೈ ತೊಳೆದು ಕ್ಯಾಂಟೀನಿಗೆ ಹೋಗಿ, ಮೀನು ಕೂಗುವುದಿಲ್ಲ ಎಂದು ತಿಂದಿದ್ದೇನೆ. ಈ ಕೆಲಸಕ್ಕೆ ಸೇರಿದ ಎಂಟು ವರ್ಷದಲ್ಲಿ ಈ ಎರಡು ಮಾತು ನನ್ನ ತಲೆಯೊಳಗೆ ಒಂದನ್ನೊಂದು ಮುಖಾಮುಖಿ ನೋಡಿರಲಿಲ್ಲ.

ಆ ಗಾಳಿ ಕೆಲವು ಸಲ ದೀಪ ಆರಿಸಿದ ಹಾಗೆ ಕೊಲ್ಲುತ್ತದೆ, ಅದು ನಿಜ. ಆದರೆ ನೀನು ಬರೆದ ಹಾಗೆ ಆಗಿದ್ದರೆ ಆತನಿಗೆ ಗೊತ್ತಾಗುತ್ತಿತ್ತು. ಮೈ ಸೋತಿರುತ್ತದೆ, ಗಂಟಲಿಗೆ ಉಸಿರು ಬಂದಿರುವುದಿಲ್ಲ. ಎಷ್ಟು ಹೊತ್ತು ಗೊತ್ತಾಗಿತ್ತು ಎಂದು ನಾನು ಹೇಳಲಾರೆ. ಮೊದಲ ಗಳಿಗೆಯಲ್ಲೇ ನೀನು ಓಡಿದ್ದರೆ ಉಳಿಯುತ್ತಿದ್ದನಾ ಎಂಬುದನ್ನೂ ಹೇಳಲಾರೆ. ಉಳಿಯುತ್ತಿರಲಿಲ್ಲ ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿದೆ.

ಮೊನ್ನೆ ಕ್ಯಾಂಟೀನಿನಲ್ಲಿ ಮೀನು ಮಾಡಿದ್ದರು. ತಟ್ಟೆ ಇಟ್ಟುಕೊಂಡು ಅದರ ತಲೆಯನ್ನು ನೋಡಿದೆ. ನಿನಗೆ ಬಿಟ್ಟೆ ಅಂತ ಬರೆಯಬೇಕು ಅನಿಸಿತ್ತು. ಬಿಡಲಿಲ್ಲ, ತಿಂದೆ. ಹಸಿವಾಗಿತ್ತು. ಇಷ್ಟು ದಿನ ನೆಪವಿಟ್ಟುಕೊಂಡು ತಿನ್ನುತ್ತಿದ್ದೆ, ಅಂದು ನೆಪವಿಲ್ಲದೆ ತಿಂದೆ. ಗಂಟಲಲ್ಲಿ ಇಳಿಯಿತು. ನಾಳೆ ಏನು ಮಾಡುತ್ತೇನೋ ಗೊತ್ತಿಲ್ಲ. ಇಂಥವಳು ನಿನಗೆ ಏನು ಮಾಡಬೇಕೆಂದು ಹೇಳುವುದು ಹೇಗೆ.

ಆತನ ಹೆಂಡತಿ ಈಗ ಒಂದು ಸುಳ್ಳಿನಿಂದ ಸಮಾಧಾನ ಮಾಡಿಕೊಂಡಿದ್ದಾಳೆ, ಇನ್ನೊಂದರಿಂದ ಗಂಡನನ್ನು ಬೈಯುತ್ತಿದ್ದಾಳೆ. ಎರಡೂ ನಿನ್ನ ಕೈಯಲ್ಲಿವೆ. ಒಂದನ್ನು ತೆಗೆದರೆ ಇನ್ನೊಂದೂ ಬರುತ್ತದೆ. ನೀನು ಬಾಯಿ ಬಿಡದಿದ್ದರೂ ನಾನು ನಿನ್ನ ಅಕ್ಕನೇ. ಅದನ್ನು ಮಾತ್ರ ಬರೆಯಬಲ್ಲೆ.

ಅಕ್ಕ


ಮೇ ೨

ಅಕ್ಕ,

ಮೊದಲು ವಿಚಾರಣೆಯ ಅಧಿಕಾರಿಯ ಹತ್ತಿರ ಹೋದೆ. ಹಳೇ ಹೇಳಿಕೆ ಸುಳ್ಳು ಎಂದೆ. ಅವರು ಕನ್ನಡಕ ತೆಗೆದು, "ಇದರಿಂದ ನಿನಗೇ ತೊಂದರೆ ಅಂತ ಗೊತ್ತಲ್ಲ?" ಎಂದರು. ಗೊತ್ತು ಎಂದೆ. ಎರಡು ಗಂಟೆ ಬರೆದುಕೊಂಡರು. ಕಾರ್ಖಾನೆಯವರು ಅಂದೇ ಗೇಟಿನ ಹೊರಗೆ ಕಳಿಸಿದರು. ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. ಮುಂದೆ ಕೋರ್ಟಿದೆಯಂತೆ. ನಿಜವಾದದ್ದು.

ಆಮೇಲೆ ಅತ್ತಿಗೆಯ ಮನೆಗೆ ಹೋದೆ. ಒಂದೇ ಕೋಣೆ, ನಡುವೆ ಪರದೆ. ಪರದೆಯಾಚೆ ಮಗಳು ಓದುತ್ತಿದ್ದಳು, ಪುಟ ತಿರುಗಿಸುವ ಸದ್ದು ಬರುತ್ತಿತ್ತು. ಅತ್ತಿಗೆ ಕುರ್ಚಿ ತೋರಿಸಿದರು. ಕೂರಲಿಲ್ಲ. ಬರುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ನಾನು ಟೀಗೆ ಹೋಗಿರಲಿಲ್ಲ ಅತ್ತಿಗೆ, ಅಲ್ಲೇ ಇದ್ದೆ ಎಂದೆ. ಅಲ್ಲಿಂದ ಹೇಳುತ್ತಾ ಹೋದೆ. ಫ್ಯಾನು ಆರಿಸಿದ್ದನ್ನೂ ಹೇಳಿದೆ.

ಅತ್ತಿಗೆ ತಡೆಯಲಿಲ್ಲ. ಮುಗಿದ ಮೇಲೆ ಕೇಳಿದರು.

"ನಿಮ್ಮನ್ನ ನೋಡ್ತಿದ್ರಾ?"

"ಹೌದು."

"ನೀವು ನಗ್ತಿದ್ರಾ?"

"ಹೌದು."

"ಎಷ್ಟೊತ್ತು?"

"ಒಂದು ಕಿತ್ತಳೆ ತಿನ್ನೋವಷ್ಟು."

ಅವರು ತಮ್ಮ ಕೈ ನೋಡಿಕೊಂಡರು. ಐಸಿನಲ್ಲಿ ಕೆಲಸ ಮಾಡಿ ಆ ಬೆರಳ ತುದಿಗಳು ಬೆಳ್ಳಗಾಗಿವೆ. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದರೆ ಒಳ್ಳೆಯದು ಅಂದುಕೊಂಡೆ. ಹೊಡೆಯಲಿಲ್ಲ.

"ಹಾಗಾದ್ರೆ ಹೇಳಿ ಇಳಿದ್ರು" ಎಂದರು.

"ಹೇಳಿ ಇಳಿದ್ರು ಅತ್ತಿಗೆ."

ಆಗಲೇ ಗಮನಿಸಿದ್ದು, ಪುಟ ತಿರುಗಿಸುವ ಸದ್ದು ಯಾವಾಗಲೋ ನಿಂತಿತ್ತು. ಅತ್ತಿಗೆ ಎದ್ದು ಪರದೆ ಸರಿಸಿದರು. ಹುಡುಗಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಹೊಸ ಕನ್ನಡಕ ಹಾಕಿಕೊಂಡಿದ್ದಳು.

"ಬಾ ಇಲ್ಲಿ" ಎಂದು ಅವಳನ್ನು ಕರೆದು ನನ್ನ ಎದುರು ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇವಳಿಗೂ ಹೇಳಿ. ಇವಳ ಮುಖ ನೋಡಿ ಹೇಳಿ. ಮೊದಲಿಂದ" ಎಂದರು.

ಹೇಳಿದೆ.

ತಮ್ಮ